ಕುತ್ತಿಗೆಮಟ್ಟದ ನೀರಿನ ಬೆಲೆ

ನೆನಪನ್ನು ನಾನು ನಂಬುವುದಿಲ್ಲ. ಅದಕ್ಕಾಗಿಯೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಾ ಬಂದಿದ್ದೇನೆ. ಎಂ.ಎ. ಓದಿದವನು ಕನಿಷ್ಠ ತನಗಾದರೂ ಸುಳ್ಳು ಹೇಳಿಕೊಳ್ಳಬಾರದು ಎಂಬ ಘನ ಉದ್ದೇಶ. ಆದರೆ ಊರವರಿಗೆ ಹೇಳುವುದು ಬೇರೆ ವಿಷಯ. ಮದುವೆ ಮನೆಗೆ ಡೈರಿ ಹಿಡಿದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಕಾಪುವಿನ ಹೊಳೆಬದಿಯ ನಮ್ಮ ಮನೆಯನ್ನು ಮಾರಲು ಹೊರಟಾಗ, ಈ ಎರಡರ ನಡುವಿನ ಅಂತರಕ್ಕೆ ಎಷ್ಟು ಲಕ್ಷ ಬೀಳುತ್ತದೆಂದು ತಿಳಿಯಿತು.

ಮಾರುವ ಹಟ ನನ್ನ ಹೆಂಡತಿ ಲಿಲ್ಲಿಯದು. ಪ್ರತಿ ಜೂನ್‌ನಲ್ಲಿ ಅಕ್ಕಿಯ ಡಬ್ಬ, ಮಿಕ್ಸಿ, ನನ್ನ ಡೈರಿಗಳ ಪೆಟ್ಟಿಗೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿ, ಅಕ್ಟೋಬರ್‌ನಲ್ಲಿ ಇಳಿಸಿ ಅವಳ ಮಂಡಿ ಸವೆದಿತ್ತು. ಮಣಿಪಾಲದ ಗುಡ್ಡದ ಮೇಲೆ ಎರಡು ಕೋಣೆಯ ಫ್ಲ್ಯಾಟೊಂದನ್ನು ನೋಡಿಟ್ಟಿದ್ದಳು. ಅದಕ್ಕೆ ಅರುವತ್ತು ಲಕ್ಷ. ಹಾಗಾಗಿ ನಮ್ಮ ಮನೆಯ ಬೆಲೆಯೂ ಅರುವತ್ತು ಲಕ್ಷವೇ ಎಂದು ಇಬ್ಬರೂ ಚಹಾ ಕುಡಿಯುತ್ತಾ ತೀರ್ಮಾನಿಸಿದೆವು. ಹೊಳೆ ಕಾಣುತ್ತದೆಂದು ನಾನು ಐದು ಲಕ್ಷ ಸೇರಿಸಿದೆ. ಹೊಳೆ ಒಳಗೂ ಬರುತ್ತದೆಂದು ಅವಳು ಐದು ಲಕ್ಷ ಕಳೆದಳು. ಇದಕ್ಕಿಂತ ವೈಜ್ಞಾನಿಕ ವಿಧಾನ ಯಾರಿಗಾದರೂ ಗೊತ್ತಿದ್ದರೆ ತಿಳಿಸಬಹುದು.

ನಿಜಕ್ಕೂ ನೆರೆ ಒಳಗೆ ಬಂದದ್ದು ಒಂದೇ ಸಲ. ಆ ದಿನದ ಡೈರಿಯಲ್ಲಿ "ನೀರು ಮೊಣಕಾಲಿನವರೆಗೆ. ಮಧ್ಯಾಹ್ನ ಇಳಿಯಿತು. ಚಪ್ಪಲಿ ಒಂದು ಕಾಣೆ" ಎಂದಷ್ಟೇ ಇದೆ. ಆದರೆ ಒಂದು ಚಪ್ಪಲಿಯ ಕಥೆಯನ್ನು ಯಾರು ಕೇಳುತ್ತಾರೆ? ಪೆರ್ಡೂರಿನ ಗೃಹಪ್ರವೇಶದಲ್ಲಿ ನೀರು ಸೊಂಟಕ್ಕೆ ಬಂತು. ನಂದಿಕೂರಿನ ನಾಮಕರಣದಲ್ಲಿ ಎದೆಗೆ. ಕಾರ್ಕಳದಲ್ಲಿ, ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸಿನಲ್ಲಿ, ನಾನು ಕುತ್ತಿಗೆಯವರೆಗಿನ ನೀರಿನಿಂದ ಪ್ರೆಶರ್ ಕುಕ್ಕರನ್ನು ತಲೆಯ ಮೇಲಿಟ್ಟುಕೊಂಡು ಈಜಿ ಹೊರಬಂದೆ. ಹೆಂಗಸರು ಹಾಲಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡರು. ನನಗೆ ಈಜು ಬರುವುದಿಲ್ಲ.

ಮನೆ ನೋಡಲು ಬಂದವರು ಹೆಜಮಾಡಿಯ ವಾಲ್ಟರ್, ದುಬೈಯಿಂದ ಮರಳಿದವರು. ಬಾವಿಗೆ ಬಗ್ಗಿ ನೋಡಿದರು, ಹೊಳೆಗೆ ಮುಖ ಮಾಡಿ ಎರಡು ನಿಮಿಷ ನಿಂತರು. ಒಳಗೆ ಬಂದವರು ಗೋಡೆ ನೋಡುತ್ತಾ ನಿಂತೇಬಿಟ್ಟರು.

"ಎಂತ ಸರ್, ಪ್ಲಗ್ಗೆಲ್ಲ ತಲೆಯಿಂದ ಮೇಲೆ ಉಂಟಲ್ಲ? ಇಲ್ಲಿ ಮೊದಲು ಜಿರಾಫೆ ಸಾಕಿದ್ರಾ?"

ಕಾರ್ಕಳದಿಂದ ಬಂದ ಮರುವಾರವೇ ವಯರಿಂಗ್ ಬದಲಿಸಲು ಬಂದ ಶೇಖರನಿಗೂ ನಾನು ಕುಕ್ಕರಿನ ಕಥೆ ಹೇಳಿದ್ದೆ. ಪಾಪ, ನಂಬಿ, ಎಲ್ಲ ಪ್ಲಗ್ಗುಗಳನ್ನೂ ನೀರಿಗೆ ಸಿಗದ ಹಾಗೆ ಕೂರಿಸಿ ಹೋಗಿದ್ದ. ಅಂದಿನಿಂದ ಲಿಲ್ಲಿ ಸ್ಟೂಲು ಹತ್ತಿ ಮಿಕ್ಸಿಯ ಪ್ಲಗ್ ಹಾಕುತ್ತಿದ್ದಳು.

"ನೀರು ಎಷ್ಟು ಬಂದಿತ್ತು?" ವಾಲ್ಟರ್ ಕೇಳಿದರು.

"ಮೊಣಕಾಲು," ಎಂದೆ. ಅಷ್ಟು ಶುದ್ಧವಾದ ಸತ್ಯವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಪರೂಪ.

ಅವರು ನಕ್ಕರು. "ಕಾರ್ಕಳದ ಆ ರೋಸಿನಲ್ಲಿ ನಾನೂ ಇದ್ದೆ ಸರ್. ನಿಮ್ಮ ಕಥೆ ಕೇಳಿ ನನ್ನ ಹೆಂಡತಿಗೆ ಕಣ್ಣೀರೇ ಬಂದಿತ್ತು."

ಒಳಗೆ ಓಡಿ ಡೈರಿ ತಂದು ಆ ಪುಟವನ್ನು ಅವರ ಮೂಗಿನ ಕೆಳಗೆ ಹಿಡಿದೆ.

"ಡೈರಿ ನೀವು ಬರೆದದ್ದು, ಪ್ಲಗ್ಗು ಎಲೆಕ್ಟ್ರಿಷಿಯನ್ ಇಟ್ಟದ್ದು. ನಾನು ಯಾರನ್ನು ನಂಬಬೇಕು, ನೀವೇ ಹೇಳಿ. ಮೊಣಕಾಲಾದರೆ ಅರುವತ್ತು ಕೊಡುತ್ತಿದ್ದೆ. ಕುತ್ತಿಗೆಗೆ ಐವತ್ತೆರಡು, ಅಷ್ಟೇ."

ಸಾಕ್ಷಿ ಹೇಳಿಯಾಳೆಂದು ಲಿಲ್ಲಿಯ ಮುಖ ನೋಡಿದೆ.

"ಆವತ್ತೇ ಹೇಳಿದ್ದೆ ವಾಲ್ಟರ್‌ಬಾಬ್, ನೀರು ಸ್ವಲ್ಪ ಇಳಿಸಿ ಅಂತ," ಎಂದಳು. "ಇವರು ಕೇಳಬೇಕಲ್ಲ!"

ಐವತ್ತೆರಡಕ್ಕೆ ಮುಗಿಯಿತು. ಮಣಿಪಾಲದಲ್ಲಿ ಒಂದು ಕೋಣೆ ಕಡಿಮೆಯಿರುವ ಫ್ಲ್ಯಾಟು ಸಿಕ್ಕಿತು. ಕಡಿಮೆಯಾದದ್ದು ನಾನು ಕೂತು ಬರೆಯಬೇಕೆಂದಿದ್ದ ಕೋಣೆ. ಡೈರಿಗಳು ಈಗ ಮಂಚದ ಕೆಳಗಿವೆ. ಪ್ಲಗ್ಗುಗಳು ಮಾತ್ರ ಲಿಲ್ಲಿಯ ಕೈಗೆ ಸಿಗುತ್ತವೆ.

ಕಳೆದ ಭಾನುವಾರ ಒಂದು ಮದುವೆಯೂಟದಲ್ಲಿ ಪಕ್ಕದಲ್ಲಿ ಕೂತವರು, ಮನೆ ಎಷ್ಟಕ್ಕೆ ಹೋಯಿತೆಂದು ಕೇಳಿದರು. ಡೈರಿಯಲ್ಲಿ ಸರಿಯಾಗಿಯೇ ಬರೆದಿದ್ದೇನೆ. ಆದರೆ ಐವತ್ತೆಂಟು ಎಂದೆ. ಎದುರಿನವರಿಗೆ ಅರುವತ್ತೆರಡಾಯಿತು. ಪಾಯಸ ಬರುವಷ್ಟರಲ್ಲಿ ಎಪ್ಪತ್ತರ ಹತ್ತಿರವಿತ್ತು. ಲಿಲ್ಲಿ ತಟ್ಟೆಯಿಂದ ತಲೆಯೆತ್ತದೆ ಮೆಲ್ಲನೆ ಕೇಳಿದಳು: "ಈಗ ಎಲ್ಲಿವರೆಗೆ ಬಂತು? ಸೊಂಟ ದಾಟಿತಾ?"