ಕಂಬಕ್ಕೂ ನಾಡಿ ಬಂದ ದಿನ

ಯಂತ್ರದ ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು, ನಾಲ್ಕು ರಬ್ಬರಿನ ಕಾಲುಗಳು ಮಾತ್ರ ಇರಲಿಲ್ಲ.

ಪರಪ್ಪ ಪೆಟ್ಟಿಗೆಯೊಳಗಿನ ಒಣಹುಲ್ಲನ್ನು ಕೋಳಿ ತಿಪ್ಪೆ ಕೆದರಿದ ಹಾಗೆ ಕೆದರಿ ಖೋಲಿಯ ತುಂಬ ಹರಡಿದ. ಬಕೀಟಿನಂಥ ದೊಡ್ಡ ಡಬ್ಬಿ ಬಂದಿತ್ತು, ಅದರ ಮುಚ್ಚಳ ಬಂದಿತ್ತು, ಸ್ಪ್ರಿಂಗು, ಮೋಟರು, ಕಪ್ಪು ಪುಡಿಯ ಪೊಟ್ಟಣ ಎಲ್ಲ ಬಂದಿದ್ದವು. ಕಾಲುಗಳು ಮುಂಬಯಿಯಲ್ಲೇ ಉಳಿದಿದ್ದವೋ, ಸೊಲ್ಲಾಪುರದಲ್ಲಿ ಲಾರಿ ಬದಲಿಸುವಾಗ ಇಳಿದುಹೋಗಿದ್ದವೋ ತಿಳಿಯಲಿಲ್ಲ. ಬೇರೆ ದಿನವಾಗಿದ್ದರೆ ಅವನು ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದ. ಇಂದು ಹಾಗಾಗಲಿಲ್ಲ. ಕಾಲಿಲ್ಲದಿದ್ದರೆ ಒಳ್ಳೆಯದೇ ಆಯಿತು, ಒಂದೇ ಕಡೆ ಕೂತು ಕೆಲಸ ಮಾಡುತ್ತದೆ ಎಂದುಕೊಂಡ. ಭೂಮಿ ಅಳೆಯುವ ಖಾತೆಯಲ್ಲಿದ್ದವನು ಅಷ್ಟು ದೊಡ್ಡ ತಪ್ಪು ಲೆಕ್ಕ ಹಿಂದೆಂದೂ ಹಾಕಿರಲಿಲ್ಲ.

ಪರಪ್ಪ ಇಂಡಿಯಲ್ಲಿ ಮೋಜಣಿದಾರನಾಗಿದ್ದ. ಸರಪಳಿ ಹಿಡಿದು ತಾಲೂಕಿನ ಹೊಲಗಳನ್ನೆಲ್ಲ ತುಳಿದಿದ್ದ. ರೈತರು ಬದುವಿನ ಮೇಲೆ ನಿಂತು ಒಬ್ಬರನ್ನೊಬ್ಬರು ಬೈಯುವಾಗ ಇವನ ಕಣ್ಣು ಮಾತ್ರ ನೆಲದ ಮೇಲಿರುತ್ತಿತ್ತು. ಭೀಮಾ ನದಿಯ ದಂಡೆಯಲ್ಲಿ ಜೇನಿನ ಬಣ್ಣದ ಕಲ್ಲು, ಉಳ್ಳಾಗಡ್ಡಿಯ ಸಿಪ್ಪೆಯಂತೆ ಗೆರೆ ಗೆರೆ ಇರುವ ಕಲ್ಲು ಸಿಗುತ್ತಿದ್ದವು. ನೀರಿನಲ್ಲಿದ್ದಾಗ ದೀಪದಂತೆ ಇರುತ್ತಿದ್ದವು. ಮನೆಗೆ ತರುವಷ್ಟರಲ್ಲಿ ಒಣಗಿ, ತವರಿನಿಂದ ಮರಳಿ ಬಂದ ಸೊಸೆಯ ಮುಖದಂತೆ ಮಂಕಾಗುತ್ತಿದ್ದವು. ಎಷ್ಟೋ ಸಂಜೆ ಅವನು ಒಬ್ಬನೇ ಕೂತು ಕಲ್ಲಿಗೆ ನೀರು ಚಿಮುಕಿಸಿ, ಅದು ಒಣಗುವುದನ್ನು ನೋಡಿದ್ದ. ಒಣಗಿದ ಮೇಲೂ ಹೊಳೆಯುವ ಒಂದು ಕಲ್ಲು ತನ್ನ ಕೈಯಲ್ಲಿರಬೇಕು, ಅದಷ್ಟೇ ಅವನ ಆಸೆ. ಈ ಯಂತ್ರ ಅದನ್ನು ಮಾಡಿಕೊಡುತ್ತದೆಂದು ಒಂದು ಇಂಗ್ಲಿಷ್ ಮಾಸಿಕದಲ್ಲಿ ಓದಿದಂದಿನಿಂದ ಅವನಿಗೆ ಬೇರೆ ಯೋಚನೆ ಇರಲಿಲ್ಲ.

ಆದರೆ ಅವನಿದ್ದದ್ದು ಕಸ್ತೂರೆವ್ವನ ವಾಡೆಯಲ್ಲಿ. ಮಹಡಿಯ ಮೇಲೆ ಮನೆಯೊಡತಿ ಮುದುಕಿ ಕಸ್ತೂರೆವ್ವ, ಕೆಳಗೆ ಅಂಗಳದ ಸುತ್ತ ಬಾಡಿಗೆಯವರು. ಒಂದು ಮಗ್ಗುಲಿಗೆ ಶಿಂಪಿ ಕೆಲಸದ ಬಂದಗಿಸಾಬ, ಇನ್ನೊಂದು ಮಗ್ಗುಲಿಗೆ ಗುರವ್ವ, ನಡುವೆ ಪರಪ್ಪ. ಮುದುಕಿ ಕಣ್ಣು ಮುಚ್ಚಿದ್ದನ್ನು ಯಾರೂ ಕಂಡವರಲ್ಲ. ಕೆಳಗೆ ಚಮಚ ಬಿದ್ದರೂ ಮೇಲಿನಿಂದ ಬಡಿಗೆಯ ಕುಟ್ಟು ಕೇಳುತ್ತಿತ್ತು. ಬಂದಗಿಸಾಬ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೂ ಬಿಟ್ಟೂ ಅದನ್ನು ಮೂಕ ಮಾಡಿದ್ದ. ಗುರವ್ವ ಖಾರ ಕುಟ್ಟಲು ಅಣ್ಣನ ಮನೆಗೆ ಹೋಗುತ್ತಿದ್ದಳು, ಗಂಡನನ್ನು ಬೈಯಲು ಬಾವಿಯ ಕಡೆಗೆ. ಆದರೂ ಯಾರೂ ಬಿಟ್ಟು ಹೋಗಿರಲಿಲ್ಲ, ಊರಲ್ಲಿ ಬೇರೆ ಖೋಲಿ ಸಿಗುವುದು ಸುಲಭವಿರಲಿಲ್ಲ. ಅದರಲ್ಲೂ ಪರಪ್ಪನಂಥ ಒಂಟಿ ಗಂಡಸಿಗೆ ಖೋಲಿ ಕೊಡುವುದಕ್ಕಿಂತ ಹೋರಿಗೆ ಕೊಡುವುದೇ ವಾಸಿ ಎಂಬುದು ಇಂಡಿಯ ಮನೆ ಮಾಲಕರ ಅಭಿಪ್ರಾಯವಾಗಿತ್ತು.

ಅವತ್ತು ರವಿವಾರ. ಸ್ಪ್ರಿಂಗು ಬಿಗಿಯುವ ಸದ್ದಿಗೆ ಗುರವ್ವ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆಯೇ ಬಂದಗಿಸಾಬ, ಕೊರಳಲ್ಲಿ ಅಳತೆಯ ಟೇಪು.

"ಏನಿದು ತಮ್ಮಾ?" ಎಂದಳು ಗುರವ್ವ.

"ಕಲ್ಲಿಗೆ ಹೊಳಪು ಕೊಡೂ ಮಶಿನ್ ರೀ ಅಕ್ಕಾರ."

"ಹೊಳಪು ಬಂದ ಮ್ಯಾಲ?"

"ಬಂದ ಮ್ಯಾಲ ಹೊಳೀತಾವ."

"ಅದ ಕೇಳಿದೆ. ಹೊಳದು ಏನ್ ಮಾಡ್ತಾವ?"

ಪರಪ್ಪ ಒಂದು ಕಲ್ಲನ್ನು ನೀರಲ್ಲಿ ಅದ್ದಿ ಅವಳ ಮುಂದೆ ಹಿಡಿದ. ಗುರವ್ವ ನೋಡುತ್ತಿದ್ದಂತೆಯೇ ಅದು ಒಣಗಿತು. ಪಾಪ, ಲಗ್ನ ಆಗದವರು ಹೀಗೇ ಎಂದು ಬಂದಗಿಸಾಬ ಗುರವ್ವನಿಗೆ ತಗ್ಗಿದ ದನಿಯಲ್ಲಿ ಸಮಾಧಾನ ಹೇಳಿದ.

ಪರಪ್ಪ ಡಬ್ಬಿಗೆ ಕಲ್ಲು ತುಂಬಿದ, ಕಲ್ಲನ್ನು ಉಜ್ಜುವ ಕಪ್ಪು ಪುಡಿ ಸುರಿದ, ನೀರು ಚಿಮುಕಿಸಿ ಮುಚ್ಚಳ ಬಿಗಿದ. ಗುಂಡಿ ಒತ್ತಿದ.

ಯಂತ್ರ ಮೊದಲು ಜ್ವರ ಬಂದವರ ಹಾಗೆ ಸಣ್ಣಗೆ ನಡುಗಿತು. ಆಮೇಲೆ ದೇವರು ಮೈಮೇಲೆ ಬಂದವರ ಹಾಗೆ. ಆಮೇಲೆ ಎದ್ದು ಹೊರಟಿತು. ನೆಲದ ಫರಸಿಕಲ್ಲಿನ ಮೇಲೆ ಕಟಕಟ ಸದ್ದು ಮಾಡುತ್ತ, ಪರಪ್ಪನ ಚಪ್ಪಲಿಗಳನ್ನು ಬದಿಗೆ ತಳ್ಳಿ, ಗುರವ್ವನ ಕಾಲ ಸಂದಿಯಲ್ಲಿ ದಾರಿ ಮಾಡಿಕೊಂಡು, ಹೊಸ್ತಿಲು ಹಾರಿ ಅಂಗಳಕ್ಕಿಳಿಯಿತು. ವಾಯರು ಜಗ್ಗಿ ಕಿತ್ತು ಬಂದಿದ್ದರಿಂದ ತುಳಸಿಕಟ್ಟೆಯ ಮುಂದೆ ನಿಂತಿತು. ಇಲ್ಲದಿದ್ದರೆ ಅದು ಸ್ಟೇಶನ್ನಿನ ದಾರಿ ಹಿಡಿಯುತ್ತಿತ್ತೆಂದು ಬಂದಗಿಸಾಬ ಮುಂದೆ ಬಹಳ ಜನರಿಗೆ ಹೇಳಿದ. ಅಷ್ಟರಲ್ಲಿ ಗುರವ್ವನ ಮನೆಯ ಗೋಡೆಯ ಹಲಗೆಯ ಮೇಲಿದ್ದ ತಾಮ್ರದ ಕೊಡಗಳು ಒಂದರ ಹಿಂದೊಂದು ಕೆಳಗೆ ಬಂದವು.

ಮೇಲಿನಿಂದ ಬಡಿಗೆ ಕುಟ್ಟಿತು. ಪರಪ್ಪ ಅಂಗಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ.

ಕಸ್ತೂರೆವ್ವ ತಾನು ಮಲಗುವ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ಕಣ್ಣುಗಳು ಒಣ ಮೆಣಸಿನಕಾಯಿಯಂತೆ ಕೆಂಪಗಿದ್ದವು. ಅವನ ವಿವರಣೆಯನ್ನೆಲ್ಲ ಅವಳು ಕೇಳಿಸಿಕೊಂಡಳು. ನದಿ, ಕಲ್ಲು, ಗೆರೆ, ಹೊಳಪು ಎಲ್ಲ ಮುಗಿದ ಮೇಲೆ ಹೇಳಿದಳು:

"ದೀಪಾ ಹಚ್ಚೂ ಹೊತ್ತಿಗೆ ಈ ವಾಡೇದಾಗ ಅದರ ಸದ್ದು ಇರಬಾರದು. ಇದ್ರ ನೀ ಇರಬಾರದು."

ಪರಪ್ಪ ಕೆಳಗೆ ಬಂದಾಗ ಅವನ ಮುಖ ನೋಡಿ ಗುರವ್ವ ಕೊಡಗಳ ಮಾತು ಬಿಟ್ಟಳು. ಮೇಲಿನಿಂದ ಬೈಸಿಕೊಂಡವರ ಬಗ್ಗೆ ಕೆಳಗಿನವರಿಗೆ ಕನಿಕರ ಬರುವುದು ಆ ವಾಡೆಯ ರೂಢಿಯಾಗಿತ್ತು. ಕನಿಕರ ಬಂದಿತೆಂದರೆ ಸಲಹೆಯೂ ಬರುತ್ತಿತ್ತು. ಕಾಲಿಲ್ಲದ್ದಕ್ಕೇ ಸದ್ದು, ಕೆಳಗೆ ಮೆತ್ತಗೆ ಏನಾದರೂ ಹಾಸಬೇಕು ಎಂದು ಗುರವ್ವ ತಾನೇ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತಂದು ಹಾಸಿದಳು. ಯಂತ್ರ ಕೌದಿಯ ಮೇಲೆ ಕಾವು ಕೂತ ಕೋಳಿಯ ಹಾಗೆ ಕೂತಿತು. ಎಲ್ಲರಿಗೂ ಖುಷಿಯಾಯಿತು. ಆಮೇಲೆ ಅದು ಕೌದಿಯ ಸಮೇತ ಹೊರಟಿತು.

ಮೇಲೆ ಭಾರ ಹೇರಿದರೆ ನಿಲ್ಲುತ್ತದೆ ಎಂದ ಬಂದಗಿಸಾಬ. ಜೋಳದ ಚೀಲ ಹೇರಿದರು. ಯಂತ್ರ ಚೀಲದ ಬಾಯಿ ಬಿಚ್ಚಿಸಿ ಖೋಲಿಯ ತುಂಬ ಜೋಳ ಬಿತ್ತಿತು. ಊರಿನ ಗುಬ್ಬಿಗಳೆಲ್ಲ ಕಿಟಕಿಯಲ್ಲಿ ಬಂದು ಕೂತವು. ಹೊತ್ತು ನೆತ್ತಿಗೆ ಬಂದಿತ್ತು. ಜೋಳ ಬಳಿಯುತ್ತ ಪರಪ್ಪ ಮನಸ್ಸಿನಲ್ಲೇ ತನ್ನ ಸಾಮಾನು ಕಟ್ಟತೊಡಗಿದ್ದ. ಟ್ರಂಕು, ಹಾಸಿಗೆ, ಸ್ಟೋವು, ಕಲ್ಲು. ಇವನ್ನು ತೆಗೆದುಕೊಂಡು ಯಾರ ಬಾಗಿಲಿಗೆ ಹೋಗಿ ನಿಲ್ಲುವುದು?

"ಮೋಜಣಿ ಸಾಹೇಬ್ರ," ಎಂದ ಬಂದಗಿಸಾಬ, "ಓಡಿ ಹೋಗೂ ಎತ್ತನ್ನ ಏನ್ ಮಾಡ್ತಾರ್ರಿ? ಗೂಟಕ್ಕ ಕಟ್ತಾರ."

ಪರಪ್ಪನ ಖೋಲಿಯ ನಡುವೆ ಸಾಗವಾನಿಯ ದಪ್ಪ ಕಂಬವಿತ್ತು. ಮೇಲೆ ಕಸ್ತೂರೆವ್ವನ ಹೊರಸು ಇದ್ದ ನೆಲವನ್ನು ಹೊತ್ತಿದ್ದು ಅದೇ. ಮೂವರೂ ಕೂಡಿ ಯಂತ್ರವನ್ನು ಆ ಕಂಬಕ್ಕೆ ಒರಗಿಸಿ, ಕೌದಿ ಸುತ್ತಿ, ಹಗ್ಗದಿಂದ ಬಿಗಿದು ಕಟ್ಟಿದರು. ಪರಪ್ಪ ದೇವರನ್ನು ನೆನೆದು ಗುಂಡಿ ಒತ್ತಿದ.

ಈ ಸಲ ಅದು ಕದಲಲಿಲ್ಲ. ಕಟಕಟ ಸದ್ದೂ ಹೋಯಿತು. ಅದರ ಬದಲು ಕಂಬದ ಹೊಟ್ಟೆಯೊಳಗಿಂದ ಬಂದಂಥ ದಪ್ಪ ದನಿಯೊಂದು ಘುರ್‌ರ್ ಎಂದು ಏರಿ, ಇಳಿದು, ಮತ್ತೆ ಏರತೊಡಗಿತು. ಪರಪ್ಪ ಮುಚ್ಚಳ ತೆಗೆದು ಇಣುಕಿದ. ಒಳಗೆ ಕಲ್ಲುಗಳು ಒಂದನ್ನೊಂದು ಉಜ್ಜುತ್ತ, ಗುಡಿಯ ಸುತ್ತ ಸುತ್ತುವ ಜನರ ಹಾಗೆ ಮೆಲ್ಲಗೆ ಸುತ್ತು ಹಾಕುತ್ತಿದ್ದವು. ಅವನಿಗೆ ಕುಣಿಯಬೇಕೆನಿಸಿತು. ನೆಲ ನಡುಗುತ್ತಿದ್ದುದರಿಂದ ಅರ್ಧ ಕುಣಿದಂತೆಯೇ ಆಗಿತ್ತು.

ಮೂವರೂ ಮೇಲೆ ನೋಡುತ್ತ ಬಡಿಗೆಗಾಗಿ ಕಾದರು. ಕುಟ್ಟಲಿಲ್ಲ.

"ಮ್ಯಾಲ ಕೇಳೂದಿಲ್ಲ ಅಂತ ಕಾಣಸ್ತದ," ಎಂದು ಪರಪ್ಪ ಹಿಗ್ಗಿದ. ಗುರವ್ವನಿಗೆ ನಂಬಿಕೆ ಬರಲಿಲ್ಲ. ಪರೀಕ್ಷೆಗೆಂದು ಅಂಗಳದಲ್ಲೇ ಒರಳಿಟ್ಟು ನಾಲ್ಕು ಮೆಣಸಿನಕಾಯಿ ಕುಟ್ಟಿದಳು. ಬಡಿಗೆ ಸುಮ್ಮನಿತ್ತು. ಧೈರ್ಯ ಬಂದು ಸೇರು ಮೆಣಸಿನಕಾಯಿ ಕುಟ್ಟಿದಳು. ಬಂದಗಿಸಾಬ ರೇಡಿಯೋದ ಕಿವಿ ಹಿಂಡಿ ದೊಡ್ಡದು ಮಾಡಿದ. ಖಾರದ ಘಾಟಿಗೆ ಎಲ್ಲರೂ ಮನಸಾರೆ ಸೀನಿದರು, ಕೆಮ್ಮಿದರು, ನಕ್ಕರು. ಆ ವಾಡೆಯ ಗೋಡೆಗಳು ಅಂಥ ಗದ್ದಲ ಕೇಳಿ ಎಷ್ಟು ಕಾಲವಾಗಿತ್ತೋ.

ನಗು ಮೊದಲು ನಿಂತದ್ದು ಗುರವ್ವನದು. ಒನಕೆ ಹಿಡಿದ ಕೈ ಹಾಗೇ ಉಳಿಯಿತು.

"ಮುದಿಕಿ ಹೋತೇನೋ ತಮ್ಮಾ," ಎಂದಳು.

ಬಂದಗಿಸಾಬ ರೇಡಿಯೋ ಬಂದ್ ಮಾಡಿದ. ಮೂವರೂ ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿದರು. ಕಸ್ತೂರೆವ್ವ ಹೊರಸಿನ ಮೇಲೆ ಅಂಗಾತ ಬಿದ್ದಿದ್ದಳು. ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು. ಬಡಿಗೆ ಕೈಯಿಂದ ಜಾರಿ ನೆಲದ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಪರಪ್ಪ "ಆಯೀ" ಎಂದು ಕೂಗಿದ. ಅವನ ಕೂಗು ಘುರ್‌ರ್ ಎಂಬ ದನಿಯಲ್ಲಿ ಮುಳುಗಿಹೋಯಿತು.

ಬಂದಗಿಸಾಬ ಮುದುಕಿಯ ಮಣಿಕಟ್ಟು ಹಿಡಿದ. ಅವನ ಮುಖ ಅರಳಿತು. "ನಾಡಿ ಐತ್ರಿ. ಜೋರ್ ಬಡಿಯಾಕತ್ತೈತಿ."

ಗುರವ್ವ ಹೊರಸಿನ ಕಾಲು ಮುಟ್ಟಿ ನೋಡಿದಳು. "ಹೊರಸಿಗೂ ಐತಿ."

ಬಂದಗಿಸಾಬ ಗೋಡೆ ಮುಟ್ಟಿದ. ಗೋಡೆಗೂ ನಾಡಿ ಇತ್ತು. ಮಹಡಿಯ ಕಂಬಕ್ಕೂ ಇತ್ತು. ನೀರಿನ ತಂಬಿಗೆಗಂತೂ ಮುದುಕಿಗಿಂತ ಜೋರಾಗಿತ್ತು. ಎದೆಯ ಮೇಲೆ ಕೈಯಿಟ್ಟರೆ ಎದೆ ಏಳುತ್ತಿದೆಯೋ ಹೊರಸು ಏಳುತ್ತಿದೆಯೋ ಹೇಳಲು ಬರುವಂತಿರಲಿಲ್ಲ. ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ರಾಗ ತೆಗೆದಳು. ನಡುವೆ ರಾಗ ನಿಲ್ಲಿಸಿ, ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಒಯ್ಯುವ ಪದ್ಧತಿ, ಮೈ ಸೆಟೆಯುವುದರೊಳಗೆ ಗೋಡೆಗೆ ಆನಿಸಿ ಕೂಡ್ರಿಸಬೇಕು, ವಿಭೂತಿ ಎಲ್ಲಿದೆ ನೋಡು ಎಂದು ಹೇಳಿ ಮತ್ತೆ ರಾಗಕ್ಕೆ ಮರಳಿದಳು.

ಪರಪ್ಪನ ಮೈಯೆಲ್ಲ ಬೆವರಿತು. ಊರು ಏನನ್ನಬಹುದು? ಒಬ್ಬ ಮೋಜಣಿದಾರ, ಖೋಲಿ ಕೊಟ್ಟ ಮುದುಕಿಯನ್ನು ಅಲುಗಾಡಿಸಿ ಅಲುಗಾಡಿಸಿ ಕೊಂದ. ಪೊಲೀಸರು ಬಂದು, ಯಾಕೆ ಎಂದು ಕೇಳುತ್ತಾರೆ. ಕಲ್ಲು ಹೊಳೆಯಲಿ ಎಂದು ಅನ್ನಬೇಕು. ಹೊಳೆದು ಏನು ಮಾಡುತ್ತವೆ ಎಂದು ಅವರೂ ಕೇಳುತ್ತಾರೆ.

"ಮಶಿನ್ ಬಂದ್ ಮಾಡ್ರಿ ಸಾಹೇಬ್ರ," ಎಂದ ಬಂದಗಿಸಾಬ. "ಅದು ನಿಂತ್ರ ನಾಡಿ ಯಾರದು ಅಂತ ಗೊತ್ತಾಗ್ತದ."

ಪರಪ್ಪ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಕೆಳಗೆ ಬಂದು ಗುಂಡಿ ಒತ್ತಿದ. ದನಿ ನಿಂತಿತು.

ವಾಡೆಯ ತುಂಬ ಮೌನ ಇಳಿಯಿತು. ಬಾವಿಯ ಗಾಲಿಯಿಂದ ಒಂದು ಹನಿ ಜಾರಿ ನೀರಿಗೆ ಬಿದ್ದದ್ದು ಕೇಳಿಸಿತು. ಪರಪ್ಪ ಕಂಬಕ್ಕೆ ಹಣೆ ಹಚ್ಚಿ ನಿಂತ. ಅಂಥ ಮೌನವನ್ನು ಅವನು ನದಿಯ ದಂಡೆಯಲ್ಲೂ ಕೇಳಿರಲಿಲ್ಲ.

"ಯಾವಾಂವಲೇ ಅಂವಾ, ಬಂದ್ ಮಾಡಿದಾಂವ?" ಎಂದು ಮೇಲಿನಿಂದ ಕಸ್ತೂರೆವ್ವನ ದನಿ ಬಂತು.

ಪರಪ್ಪ ಹಾರಿ ಮೇಲೆ ಹೋದ. ಮುದುಕಿ ಎದ್ದು ಕೂತಿದ್ದಳು. ಗುರವ್ವ ವಿಭೂತಿಯ ಗಟ್ಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದಳು. ತಾವೆಲ್ಲ ಯಾಕೆ ಬಂದಿದ್ದೇವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳೂ ಕೇಳಲಿಲ್ಲ. ಅವಳ ಕಣ್ಣುಗಳಲ್ಲಿ ಕೆಂಪು ಇಳಿದಿತ್ತು.

"ನಮ್ಮನಿಯವರು ಹೋದಾಗಿಂದ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ," ಎಂದಳು ನಿಧಾನವಾಗಿ. "ಅವರ ಗೊರಕಿ ಹಿಂಗ ಇತ್ತು. ಹೊರಸು ನಡಗತಿತ್ತು. ಮಂದಿ ಅಂತಾರ, ಈ ಮುದಿಕಿಗೆ ಸದ್ದು ಆಗೂದಿಲ್ಲಂತ. ಸದ್ದಲ್ಲೋ ನನಗ ಆಗಲಾರದ್ದು. ಸುಮ್ಮಕ ಇರ್ತೈತೆಲ್ಲ ಮನಿ, ಅದು. ಆ ಸುಮ್ಮಕಿದ್ದದ್ದರಾಗ ಇಲಿ ಓಡಿದ್ರೂ ಎಚ್ಚರ."

ಪರಪ್ಪ ಬಾಗಿ ನೆಲದ ಮೇಲಿದ್ದ ಬಡಿಗೆಯನ್ನೆತ್ತಿ ಹೊರಸಿಗೆ ಆನಿಸಿ ಇಟ್ಟ.

"ಮಶಿನ್ ಎಲ್ಲೂ ಹೋಗೂದಿಲ್ಲ. ಈ ವಾಡೇದಾಗ ಇರ್ತೈತಿ," ಎಂದಳು ಕಸ್ತೂರೆವ್ವ.

ಪರಪ್ಪ ಅವಳ ಕಾಲಿಗೆ ಬಿದ್ದೇಬಿಟ್ಟ. ಗುರವ್ವ ಹೌದ್ರಿ ಆಯಿ ಹೌದ್ರಿ ಎಂದು ತಲೆಯಾಡಿಸಿದಳು. ಇನ್ನು ಖಾರ ಕುಟ್ಟಲು ಅಣ್ಣನ ಮನೆಗೆ ಹೋಗಬೇಕಾಗಿರಲಿಲ್ಲ. ಬಂದಗಿಸಾಬ ಮನಸ್ಸಿನಲ್ಲೇ ರೇಡಿಯೋಕ್ಕೆ ಹೊಸ ಬ್ಯಾಟರಿ ಹಾಕುತ್ತಿದ್ದ.

"ಆದ್ರ ಮ್ಯಾಲ ಸಣ್ಣಗ ಕೇಳತೈತಿ," ಎಂದು ಮುದುಕಿ ಮುಂದುವರಿಸಿದಳು. "ಹೊರಸು ಕೆಳಗ ತರ್ರಿ. ಕಂಬದ ಬಾಜೂಕ ಹಾಕ್ರಿ."

"ಆಯಿ, ಕಂಬ ನನ್ನ ಖೋಲ್ಯಾಗ ಐತ್ರಿ," ಎಂದ ಪರಪ್ಪ.

"ಅದಕ್ಕ ನೀ ಖಾಲಿ ಮಾಡು."

ಹೆಣ್ಣುಮಕ್ಕಳು ಮಲಗುವ ಖೋಲಿಯಲ್ಲಿ ಒಂಟಿ ಗಂಡಸು ಇರುವುದು ಚೆಂದವಲ್ಲ ಎಂದು ಗುರವ್ವ ಕೂಡಲೇ ದನಿಗೂಡಿಸಿದಳು. ಹಿತ್ತಲಲ್ಲಿ ಸೆಗಣಿಯ ಕುಳ್ಳು ಇಡುವ ಖೋಲಿ ಇದೆಯಲ್ಲ, ಅರ್ಧ ಕುಳ್ಳು ಸರಿಸಿದರೆ ಒಬ್ಬರಿಗೆ ಬೇಕಾದಷ್ಟು ಜಾಗ ಎಂದು ಬಂದಗಿಸಾಬ ದಾರಿ ತೋರಿಸಿದ. ಮಹಡಿಯನ್ನಾದರೂ ಕೊಡಬಾರದೇ ಎಂದು ಪರಪ್ಪ ಕೇಳಿದ್ದಕ್ಕೆ, ತಲೆಯ ಮೇಲೆ ಯಾರಾದರೂ ಓಡಾಡಿದರೆ ನಿದ್ದೆ ಬರುವುದಿಲ್ಲವೆಂದು ಮುದುಕಿ ಹೇಳಿದಳು.

"ಮಶಿನ್ ನಂದ್ರಿ ಆಯಿ."

"ನಿಂದಲ್ಲ ಅಂತ ಯಾರಂದ್ರು? ಹೊತ್ತಿಗೆ ಸರಿಯಾಗಿ ಬಂದು ಚಾಲೂ ಮಾಡಿ ಹೋಗು."

ಹೊರಸು ಕೆಳಗೆ ಬಂತು. ಪರಪ್ಪನ ಟ್ರಂಕು, ಸ್ಟೋವು ಹಿತ್ತಲಿಗೆ ಹೋದವು. ಗುಬ್ಬಿಗಳು ಬಿಟ್ಟ ಜೋಳವನ್ನು ಗುರವ್ವ ಬಳಿದಳು. ಅಂಗಳದಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಪರಪ್ಪ ಕೊನೆಗೆ ಯಂತ್ರದ ಹತ್ತಿರ ಬಂದು, ಹೋಗಲಿ, ಕಲ್ಲುಗಳನ್ನಾದರೂ ತೊಳೆದು ತೆಗೆದುಕೊಳ್ಳುತ್ತೇನೆ, ಕೈಯಿಂದಲಾದರೂ ಉಜ್ಜಿಕೊಳ್ಳುತ್ತೇನೆ ಎಂದು ಮುಚ್ಚಳಕ್ಕೆ ಕೈ ಹಾಕಿದ.

"ಕಲ್ಲಿಗೆ ಕೈ ಹಚ್ಚಬ್ಯಾಡ," ಎಂದಳು ಕಸ್ತೂರೆವ್ವ ಹೊದ್ದುಕೊಳ್ಳುತ್ತ. "ಗೊರಕಿ ಇರೂದ ಅದರಾಗ."

ಪರಪ್ಪ ಮುಚ್ಚಳ ಬಿಗಿದು ಗುಂಡಿ ಒತ್ತಿದ. ಹಾಸಿಗೆಯ ಸುರುಳಿ ಹೊತ್ತು ಅವನು ಹೊಸ್ತಿಲು ದಾಟುವಷ್ಟರಲ್ಲಿ ಒಳಗೆ ಎರಡು ಗೊರಕೆಗಳು ಶುರುವಾಗಿದ್ದವು.