ಐದು ಓಮಿನ ಕಾಯಿಲ್

ವಿಜ್ಞಾನದಲ್ಲಿ ಪ್ರಯೋಗ ಮೊದಲು, ಉತ್ತರ ಆಮೇಲೆ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಯಾವ ಊರಿನ ಪ್ರಯೋಗಶಾಲೆ ನೋಡಿದ್ದಾರೋ ನಾನರಿಯೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಪುವಿನ ಹತ್ತಿರದ ಒಂದು ಜೂನಿಯರ್ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಲೆಕ್ಚರರ್ ಆಗಿದ್ದೆ. ನಮ್ಮಲ್ಲಿ ಉತ್ತರವೇ ಮೊದಲು. ಪ್ರಯೋಗ ಆಮೇಲೆ, ಅದೂ ಬಸ್ಸಿಗೆ ಹೊತ್ತು ಉಳಿದಿದ್ದರೆ. ನಮ್ಮ ಲ್ಯಾಬಿನಲ್ಲಿ ತಂತಿಯ ಒಂದು ಕಾಯಿಲ್ ಇತ್ತು. ಅದರ ರೆಸಿಸ್ಟೆನ್ಸ್ ಐದು ಓಮ್ ಎಂಬುದು ಮಕ್ಕಳಿಗೆ ಕಾಲೇಜು ಸೇರುವ ಮೊದಲೇ ಗೊತ್ತಿರುತ್ತಿತ್ತು. ಅಣ್ಣನ ರೆಕಾರ್ಡ್ ಪುಸ್ತಕ ತಮ್ಮನಿಗೆ, ಅಕ್ಕನದ್ದು ಪಕ್ಕದ ಮನೆಯ ಹುಡುಗಿಗೆ, ಹೀಗೆ ಆ ಐದು ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದುಬರುತ್ತಿತ್ತು.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ಪವರ್. ನಮ್ಮ ಜಾಣರು ಮಾತ್ರ ಕೊನೆಯ ಸಾಲಿನಲ್ಲಿ ಐದನ್ನು ಬರೆದಿಟ್ಟು ಮೇಲಕ್ಕೆ ಹತ್ತುತ್ತಿದ್ದರು. ವೋಲ್ಟ್ ಎರಡು, ಆದ್ದರಿಂದ ಆಂಪಿಯರ್ ಪಾಯಿಂಟ್ ನಾಲ್ಕು, ಆದ್ದರಿಂದ ಪವರ್ ಪಾಯಿಂಟ್ ಎಂಟು ವಾಟ್. ಅತಿ ಜಾಣರು ಒಂದು ಕಡೆ ನಾಲ್ಕು ಪಾಯಿಂಟ್ ಒಂಬತ್ತು ಓಮ್ ಬರುವಂತೆ ನೋಡಿಕೊಳ್ಳುತ್ತಿದ್ದರು, ಬೆವರು ಸುರಿಸಿದ ಹಾಗೆ ಕಾಣಲಿ ಎಂದು. ಅಂಥವರಿಗೆ ನಾನು ಅರ್ಧ ಅಂಕ ಹೆಚ್ಚು ಕೊಡುತ್ತಿದ್ದೆ. ನನಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ನಾನೂ ಹಾಗೆಯೇ ಪಾಸಾದವನು. ಊರಿನಲ್ಲಿ ನನ್ನ ವಿದ್ಯೆಗೆ ಎಷ್ಟು ಬೆಲೆಯಿತ್ತು ಎಂದರೆ, ಮದುವೆಮನೆಯಲ್ಲಿ ದೀಪ ಮಂಕಾದಾಗ ನಾನು ವೋಲ್ಟೇಜು ಇಳಿದರೆ ಪವರ್ ಹೇಗೆ ಇಳಿಯುತ್ತದೆ ಎಂದು ವಿವರಿಸುತ್ತಿದ್ದೆ, ಊರಿನವರು ಭಕ್ತಿಯಿಂದ ಕೇಳಿ ವಯರ್‌ಮ್ಯಾನನಿಗೆ ಹೇಳಿಕಳಿಸುತ್ತಿದ್ದರು.

ಈ ಸುಖಸಂಸಾರಕ್ಕೆ ಕಲ್ಲು ಹಾಕಿದವಳು ಎರ್ಮಾಳಿನ ಜಲಜ. ತಂದೆ ದೋಣಿಗೆ ಹೋಗುವವರು, ತಾಯಿ ಮೀನು ಮಾರುವವರು. ಆ ಮನೆಯಲ್ಲಿ ಹೈಸ್ಕೂಲು ದಾಟಿದವಳು ಇವಳೊಬ್ಬಳೇ. ಹಾಗಾಗಿ ಹಳೆಯ ರೆಕಾರ್ಡ್ ಕೊಡುವ ಅಣ್ಣನೂ ಇಲ್ಲ, ಅಕ್ಕನೂ ಇಲ್ಲ. ಕಾಯಿಲ್ ಐದು ಓಮ್ ಎಂದು ಪಾಪದವಳಿಗೆ ಯಾರೂ ಹೇಳಿರಲಿಲ್ಲ. ಅವಳು ಮೀಟರ್ ನೋಡಿದಳು. ಎರಡು ವೋಲ್ಟ್, ಪಾಯಿಂಟ್ ಎರಡು ಐದು ಆಂಪಿಯರ್. ಎಂಟು ಓಮ್, ಅರ್ಧ ವಾಟ್.

ನಾನು ಕೆಂಪು ಶಾಯಿಯಲ್ಲಿ 'ತಪ್ಪು' ಎಂದು ಬರೆದೆ. ನನ್ನ ಸಹಿ ಬೀಳದ ರೆಕಾರ್ಡ್ ಇದ್ದವರನ್ನು ಪರೀಕ್ಷೆಗೆ ಕೂರಿಸುವ ಹಾಗಿಲ್ಲ; ಪರೀಕ್ಷೆಗೆ ಉಳಿದದ್ದು ನಾಲ್ಕೇ ದಿನ. ಮೂರು ಸಲ ಮಾಡಿಸಿದೆ. ಮೂರು ಸಲವೂ ಎಂಟು.

"ಎಂತ ಮಾರಾಯ್ತಿ ಇದು? ಮೂವತ್ತೊಂಬತ್ತು ಜನಕ್ಕೆ ಐದು, ನಿನಗೆ ಮಾತ್ರ ಎಂಟಾ?"

"ಮುಳ್ಳು ಅಲ್ಲಿಯೇ ನಿಲ್ಲುತ್ತದೆ ಸರ್."

"ಸ್ವಲ್ಪ ಓರೆಯಿಂದ ನೋಡು."

"ಓರೆಯಿಂದ ನೋಡಬಾರದು ಅಂತ ನೀವೇ ಹೇಳಿದ್ದಲ್ವಾ ಸರ್?"

ಅವಳ ದನಿಯಲ್ಲಿ ಉದ್ಧಟತನ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳ ಕಣ್ಣಲ್ಲಿ ನೀರಿತ್ತು. ಆದರೂ ಐದು ಎಂದು ಬರೆಯಲು ಅವಳಿಗೆ ಕೈ ಬರಲಿಲ್ಲ. ನನಗೆ ರೇಗಿತು. ಇಡೀ ತರಗತಿಯನ್ನು ಸುತ್ತ ನಿಲ್ಲಿಸಿ, ಪ್ರಯೋಗ ಹೇಗೆ ಮಾಡುವುದೆಂದು ತೋರಿಸುತ್ತೇನೆ ಎಂದು ನಾನೇ ತಂತಿ ಜೋಡಿಸಿದೆ. ಹನ್ನೆರಡು ವರ್ಷದ ಸರ್ವಿಸಿನಲ್ಲಿ ಆ ಮುಳ್ಳನ್ನು ನಾನು ನಿಜವಾಗಿ ನೋಡಿದ್ದು ಅಂದೇ ಇರಬೇಕು. ಪಾಯಿಂಟ್ ಎರಡು ಐದು.

ಮೂಲೆಯಲ್ಲಿ ಕಪಾಟು ಒರೆಸುತ್ತಿದ್ದ ನಮ್ಮ ಹಿರಿಯ ಅಟೆಂಡರ್ ಸಂಜೀವಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಹೋದ ವರ್ಷ ಆ ಕಾಯಿಲ್ ಸುಟ್ಟುಹೋಗಿತ್ತು ಸರ್. ನಾನು ಹಳೆಯ ಇಸ್ತ್ರಿಪೆಟ್ಟಿಗೆಯ ತಂತಿ ಸುತ್ತಿ ಹಾಕಿದ್ದು. ನಿಮ್ಮ ಹತ್ತಿರ ಹೇಳಿದ್ದೆ, ನೀವು ಪೇಪರ್ ಓದುತ್ತಾ ಇದ್ದಿರಿ."

"ಎಷ್ಟು ಓಮ್ ಅಂತ ನೋಡುವುದು ಬೇಡವಾ ಸಂಜೀವಣ್ಣ?"

"ನನಗೆ ಎಂತ ಗೊತ್ತುಂಟು ಸರ್? ಮಕ್ಕಳಿಗೆಲ್ಲ ಐದೇ ಬರ್ತಾ ಉಂಟಲ್ಲ, ನಾನು ಸುತ್ತಿದ್ದು ಸರಿಯಾಗಿದೆ ಅಂತ ತಿಳಿದೆ."

ಅಂದರೆ ಒಂದು ವರ್ಷ ಪೂರ್ತಿ ನಮ್ಮ ಮಕ್ಕಳು ಎಂಟು ಓಮಿನ ತಂತಿಯಲ್ಲಿ ಐದು ಓಮ್ ಕಂಡುಹಿಡಿದಿದ್ದರು, ನಾನು ಅದಕ್ಕೆ ಸರಿ ಗುರುತು ಹಾಕಿದ್ದೆ. ಮೂವತ್ತೊಂಬತ್ತು ಪುಸ್ತಕಗಳನ್ನು ತಿದ್ದುವುದಕ್ಕಿಂತ ಒಂದು ತಂತಿಯನ್ನು ತಿದ್ದುವುದು ಸುಲಭ ಎಂದು ನನ್ನಂಥ ವಿಜ್ಞಾನಿಗೆ ಹೊಳೆಯದೆ ಇರುತ್ತದೆಯೇ? ತಂತಿ ಗಿಡ್ಡವಾದಷ್ಟೂ ಓಮ್ ಇಳಿಯುತ್ತದೆ; ಪರೀಕ್ಷೆಯ ಹಿಂದಿನ ದಿನ ಸಂಜೀವಣ್ಣನಿಗೆ ಕತ್ತರಿ ಕೊಟ್ಟೆ. ಕತ್ತರಿಸಿದ್ದು ಸಾಕೋ ಎಂದು ಅಳೆಯಬೇಕಲ್ಲ. ನಮ್ಮಿಬ್ಬರ ಅಳತೆಯ ಮೇಲೆ ನಮ್ಮಿಬ್ಬರಿಗೂ ನಂಬಿಕೆ ಇರಲಿಲ್ಲ. ನಾಚಿಕೆಬಿಟ್ಟು ಜಲಜಳನ್ನೇ ಕರೆದೆ. ಅವಳು "ಇನ್ನೂ ಐದೂವರೆ ಉಂಟು" ಎಂದಾಗ ಸಂಜೀವಣ್ಣ ಮತ್ತಷ್ಟು ಕತ್ತರಿಸಿದರು. ಕೊನೆಗೆ ಐದಕ್ಕೆ ಬಂತು. ನಾನು ನಿಟ್ಟುಸಿರು ಬಿಟ್ಟೆ.

"ಸರ್," ಎಂದಳು ಅವಳು, "ಈಗ ನನ್ನ ಪುಸ್ತಕದ ಎಂಟು ತಪ್ಪಾಯಿತಲ್ಲ?"

ಹೌದು. ಇಡೀ ಲ್ಯಾಬಿನಲ್ಲಿದ್ದ ಒಂದೇ ನಿಜವನ್ನು ನಾನು ಸುಳ್ಳು ಮಾಡಿದ್ದೆ. ಅಷ್ಟು ಹೊತ್ತೂ ಅದು ನನ್ನ ತಲೆಗೆ ಹೋಗಿರಲಿಲ್ಲ. ಬೇರೆ ದಾರಿ ಕಾಣದೆ ಅವಳ ರೆಕಾರ್ಡಿನಲ್ಲಿ 'ತಪ್ಪು' ಎಂಬುದನ್ನು ಹೊಡೆದುಹಾಕಿ, 'ಪ್ರಯೋಗ ಮಾಡಿದ ದಿನ ಕಾಯಿಲ್ ಎಂಟು ಓಮ್ ಇತ್ತು, ನಾನೇ ಅಳೆದಿದ್ದೇನೆ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಕಾರ್ಕಳದ ಕಡೆಯಿಂದ ಬಂದ ಪರೀಕ್ಷಕರು ಆ ಸಾಲನ್ನು ಎರಡು ಸಲ ಓದಿದರು. ಜಲಜಳಿಗೆ ಪೂರ್ತಿ ಅಂಕ ಕೊಟ್ಟರು. ಆಮೇಲೆ ಪಕ್ಕದ ರೆಕಾರ್ಡ್ ರಾಶಿಯತ್ತ ಬೆರಳು ತೋರಿಸಿ, "ಹಾಗಾದರೆ ಉಳಿದ ಮೂವತ್ತೊಂಬತ್ತು ಜನ ಅಳೆದದ್ದು ಎಂತದನ್ನು?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಮಾತ್ರ ನಾನು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ.