ವೆಸ್ಟ್ ಇಂಡೀಸಿಗೆ ನಲವತ್ತು ನಿಮಿಷ

ನಾನು ಬಾಯಿ ತೆರೆದು "ವೆಸ್ಟ್ ಇಂಡೀಸ್" ಎಂದರೆ ಸಾಕು, ಎದುರಿಗಿದ್ದವರಿಗೆ ಕಾಫಿ ನೆನಪಾಗುತ್ತದೆ. ಸಿಡ್ನಿಯಲ್ಲೂ ಹಾಗೆ, ಮೆಲ್ಬರ್ನಿನಲ್ಲೂ ಹಾಗೆ. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಪದೇ ಪದೇ ಆಗುವುದರಿಂದ ಬರೆದಿಡುತ್ತಿದ್ದೇನೆ.

ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವಳು. ಬೆಂಗಳೂರಿನಲ್ಲಿ ಮೊತ್ತಮೊದಲ ಟೆಸ್ಟ್ ಪಂದ್ಯ ನಡೆದಾಗ ಆಡಲು ಬಂದವರು ಆ ದ್ವೀಪಗಳ ಹುಡುಗರು. ಆಗ ನಾನು ಕಾಲೇಜಿನಲ್ಲಿದ್ದೆ. ಅಣ್ಣನ ಹತ್ತಿರ ಹಠ ಮಾಡಿ ಹೋಗಿ ನೋಡಿ ಬಂದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ದ್ವೀಪಗಳಲ್ಲಿ ಕ್ರಿಕೆಟ್ ಹೇಗೆ ಬೆಳೆಯಿತು ಎಂಬುದನ್ನು ಅಂದಿನಿಂದ ಇಂದಿನವರೆಗೆ ಓದಿ, ಹೋಲಿಸಿ, ತಪ್ಪು ತಿದ್ದಿ ದಾಖಲಿಸುತ್ತಾ ಬಂದಿದ್ದೇನೆ. ಈಗ ಅರ್ಧ ವರ್ಷ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗಳ ಮನೆ, ಅರ್ಧ ವರ್ಷ ಸಿಡ್ನಿಯ ಗಿರಾವೀನ್‌ನಲ್ಲಿ ಮಗನ ಮನೆ. ನನ್ನ ಫೈಲುಗಳೂ ನನ್ನ ಜೊತೆ ವಿಮಾನ ಹತ್ತುತ್ತವೆ. ನಮ್ಮವರ ಸ್ವೆಟರ್ ಬಿಟ್ಟುಬಂದದ್ದುಂಟು, ಫೈಲು ಬಿಟ್ಟುಬಂದದ್ದಿಲ್ಲ.

ನನ್ನ ಆಸೆ ಒಂದೇ. ಮೆಲ್ಬರ್ನಿನ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ ವೇದಿಕೆ ಹತ್ತಿ, ಈ ಇತಿಹಾಸವನ್ನು ಕನ್ನಡದಲ್ಲಿ ನಲವತ್ತು ನಿಮಿಷ ಹೇಳಬೇಕು. ಶಾಲು ಬೇಡ, ಹಾರ ಬೇಡ. ನಲವತ್ತು ನಿಮಿಷ ಸಾಕು.

ಅಧ್ಯಕ್ಷರ ಆಹ್ವಾನ

ಬಳಗದ ಅಧ್ಯಕ್ಷರು ನಮ್ಮ ಮಗಳ ಮನೆಗೆ ಬಂದರು. ಐಟಿಯವರು, ನಲವತ್ತರ ಆಸುಪಾಸು, ಬಹಳ ವಿನಯ. ಚಕ್ಕುಲಿ ಮುರಿಯುತ್ತಾ ಹೇಳಿದರು, "ಆಂಟಿ, ಈ ಸಲ ರಂಗೋಲಿ ಕಾಂಪಿಟಿಷನ್‌ಗೆ ನೀವೇ ಜಡ್ಜ್. ನೋ ಅನ್ನೋ ಹಾಗಿಲ್ಲ."

"ನೋ," ಅಂದೆ.

ಚಕ್ಕುಲಿ ಅರ್ಧದಲ್ಲೇ ನಿಂತಿತು.

"ನಾನು ಮಾತಾಡ್ತೀನಿ. ವೆಸ್ಟ್ ಇಂಡೀಸ್ ಕ್ರಿಕೆಟ್ ಬಗ್ಗೆ. ಯುದ್ಧ ಮುಗಿದ ಮೇಲಿನದು. ನಲವತ್ತು ನಿಮಿಷ ಬೇಕು."

ಅಧ್ಯಕ್ಷರು ನಿಧಾನಕ್ಕೆ ನಮ್ಮವರ ಕಡೆ ತಿರುಗಿದರು. "ಕ್ರಿಕೆಟ್ ಆದ್ರೆ... ಅಂಕಲ್, ನೀವು ಮಾತಾಡ್ತೀರಾ?"

"ನಾನಾ? ನನಗೆ ಕ್ರಿಕೆಟ್ ಗೊತ್ತಿಲ್ಲಪ್ಪ. ಟಿವಿ ಹಾಕಿದ್ರೆ ನಿದ್ದೆ ಬರುತ್ತೆ."

"ಪರವಾಗಿಲ್ಲ ಅಂಕಲ್. ಆಂಟಿ ಬರ್ಕೊಡ್ತಾರೆ, ನೀವು ಓದಿಬಿಡಿ."

ನಾನು ಎದ್ದು ನಿಂತೆ. "ನೋಡಿ, ಆ ದ್ವೀಪಗಳಲ್ಲೂ ಇದೇ ಆಗಿದ್ದು. ಯುದ್ಧ ಮುಗಿದು ಎಷ್ಟೋ ವರ್ಷದ ತನಕ ರನ್ ಹೊಡೆಯೋರು ಕಪ್ಪು ಜನ, ವಿಕೆಟ್ ತೆಗೆಯೋರು ಕಪ್ಪು ಜನ. ಕ್ಯಾಪ್ಟನ್ ಮಾತ್ರ ಬಿಳಿಯನೇ ಆಗಬೇಕು, ಅಪರೂಪಕ್ಕೆ ಒಂದು ಪಂದ್ಯ ಬಿಟ್ಟರೆ. ಆಟ ಗೊತ್ತಿರೋರು ಹಿಂದೆ ನಿಲ್ಲಬೇಕು, ಟಾಸಿಗೆ ಇನ್ನೊಬ್ಬರು ಹೋಗಬೇಕು. ನೀವೀಗ ನನಗೆ ಮಾಡ್ತಿರೋದು ಅದೇ!"

ಅಧ್ಯಕ್ಷರು ತಲೆ ತಗ್ಗಿಸಿ ಅರ್ಧ ಚಕ್ಕುಲಿಯನ್ನು ತಟ್ಟೆಗೆ ವಾಪಸ್ಸು ಇಟ್ಟರು. ಮನಸ್ಸಿಗೆ ತಟ್ಟಿತು ಅಂದುಕೊಂಡೆ.

"ಸರಿ ಆಂಟಿ. ನೀವೇ ಮಾತಾಡಿ. ಊಟಕ್ಕೂ ರಾಫೆಲ್ ಲಾಟರಿಗೂ ಮಧ್ಯೆ ಐದು ನಿಮಿಷ. ಆದ್ರೆ ಕ್ರಿಕೆಟ್ ಬೇಡ, ಆ ದ್ವೀಪಗಳ ಅಡುಗೆ ಬಗ್ಗೆ ಹೇಳಿ."

ವೆಸ್ಟ್‌ಮೀಡ್‌ನಲ್ಲಿ ಜ್ಞಾಪಕ ಪರೀಕ್ಷೆ

ಆ ಜಗಳದ ಬಿಸಿಯಲ್ಲೇ ಸಿಡ್ನಿಗೆ ಮಗನ ಮನೆಗೆ ಹೋದೆ. ಐದು ನಿಮಿಷವನ್ನು ನಲವತ್ತಕ್ಕೆ ಏರಿಸುವುದು ಹೇಗೆ ಎಂದು ಯೋಚಿಸುತ್ತಾ ಒಂದು ದಿನ ಹಾಲು ಉಕ್ಕಿಸಿದೆ. ಮಗ ಅಷ್ಟಕ್ಕೇ ಹೆದರಿಬಿಟ್ಟ. "ಅಮ್ಮಂಗೆ ಮರೆವು ಶುರುವಾಗಿದೆ. ಇವತ್ತಿನದು ನೆನಪಿಲ್ಲ, ಬರೀ ಹಳೇದೇ ಮಾತಾಡ್ತಾಳೆ," ಎಂದು ವೆಸ್ಟ್‌ಮೀಡ್‌ನಲ್ಲಿ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರ್ ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿತ್ತು. ಐದು ಪದ ಹೇಳಿ, "ಇವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳ್ತೀನಿ. ಅಲ್ಲಿಯವರೆಗೆ ನಿಮಗೆ ಇಷ್ಟವಾದದ್ದು ಏನಾದರೂ ಹೇಳಿ," ಎಂದರು.

ಇಷ್ಟವಾದದ್ದು! ನನ್ನನ್ನು ಆ ಮಾತು ಕೇಳಿದವರು ಆ ವರ್ಷದಲ್ಲಿ ಅವರೊಬ್ಬರೇ. ಯುದ್ಧ ಮುಗಿದು ಐದು ವರ್ಷಕ್ಕೆ ದ್ವೀಪದವರು ಇಂಗ್ಲೆಂಡಿಗೆ ಹೋಗಿ, ಇಂಗ್ಲಿಷರು ದೇವಸ್ಥಾನದ ಹಾಗೆ ಪೂಜಿಸುವ ಮೈದಾನದಲ್ಲೇ ಅವರನ್ನು ಸೋಲಿಸಿದ್ದು ಹೇಳಿದೆ. ಸೋಲಿಸಿದವರು ಇಪ್ಪತ್ತರ ಆಸುಪಾಸಿನ ಇಬ್ಬರು ಸ್ಪಿನ್ನರುಗಳು. ಆ ಇಬ್ಬರಲ್ಲಿ ಒಬ್ಬ ನಮ್ಮ ದೇಶದಿಂದ ಕಬ್ಬು ಕಡಿಯಲು ಹೋದ ಕೂಲಿಗಳ ವಂಶದವನು.

ಮಗ ಮೆಲ್ಲಗೆ, "ನೋಡಿ ಡಾಕ್ಟರ್, ಶುರುವಾಯ್ತು," ಎಂದು ಫೋನು ನೋಡತೊಡಗಿದ.

ಡಾಕ್ಟರ್ ಪೂರಾ ಕೇಳಿದರು. ಆಮೇಲೆ ಐದು ಪದ ಕೇಳಿದರು. ಮುಂದಿನಿಂದ ಹೇಳಿದೆ, ಹಿಂದಿನಿಂದಲೂ ಹೇಳಿದೆ. ಅವರು ಮಗನ ಕಡೆ ತಿರುಗಿದರು.

"ನಿಮ್ಮ ತಾಯಿ ಈಗ ತಾನೇ ಹೇಳಿದರಲ್ಲ, ಆ ಪಂದ್ಯ ಗೆಲ್ಲಿಸಿದ ಸ್ಪಿನ್ನರುಗಳು ಎಷ್ಟು ಜನ?"

ಮಗ ಫೋನಿನಿಂದ ತಲೆ ಎತ್ತಿದ. "ಹನ್ನೊಂದು?"

"ಇವರಿಗೆ ಏನೂ ಆಗಿಲ್ಲ," ಎಂದರು ಡಾಕ್ಟರ್. "ಮುಂದಿನ ವಾರ ನೀವು ಬನ್ನಿ."

ನಕ್ಷೆಯಲ್ಲಿಲ್ಲದ ದೇಶ

ಗಿರಾವೀನ್‌ನಲ್ಲಿ ನನ್ನ ಭಾಷಣಕ್ಕೆ ಸಿಕ್ಕ ಏಕೈಕ ಶ್ರೋತೃ ಮೊಮ್ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷ್. ಒಂದು ಸಂಜೆ ಗೋಡೆಯ ಮೇಲಿನ ಪ್ರಪಂಚದ ನಕ್ಷೆಯ ಮುಂದೆ ನಿಂತು ಹುಡುಕಿ ಹುಡುಕಿ ಸುಸ್ತಾಗಿ, "ಅಜ್ಜಿ, ವೆಸ್ಟ್ ಇಂಡೀಸ್ ಅನ್ನೋ ದೇಶವೇ ಇಲ್ಲ. ನೀನೇ ಕಟ್ಟಿದ ಕಥೆ," ಎಂದು ತನ್ನ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು.

"ದೇಶ ಇಲ್ಲ, ಟೀಮ್ ಇದೆ ಪುಟ್ಟ," ಅಂದೆ. ಸಮುದ್ರದಲ್ಲಿ ಚೆಲ್ಲಿದ ಸಾಸಿವೆಯಂತಿದ್ದ ದ್ವೀಪಗಳನ್ನು ತೋರಿಸಿದೆ. ಒಂದೊಂದಕ್ಕೂ ಬೇರೆ ಬಾವುಟ, ಬೇರೆ ಸರ್ಕಾರ. ಅವುಗಳ ಜೊತೆ ಸೇರಿದ ಒಂದು ದೇಶ ದ್ವೀಪವೇ ಅಲ್ಲ, ದಕ್ಷಿಣ ಅಮೆರಿಕಕ್ಕೆ ಅಂಟಿಕೊಂಡಿದೆ. ಯುದ್ಧದ ನಂತರ ಹಲವು ದ್ವೀಪಗಳು ಸೇರಿ ಒಂದೇ ಒಕ್ಕೂಟ ಆಗೋಣ ಎಂದು ಹೊರಟವು. ಆ ದ್ವೀಪಕ್ಕೂ ಈ ದ್ವೀಪಕ್ಕೂ ಆಗದೆ ನಾಲ್ಕೇ ವರ್ಷಕ್ಕೆ ಮುರಿದುಬಿತ್ತು. ಮುರಿಯದೆ ಉಳಿದದ್ದು ಕ್ರಿಕೆಟ್ ತಂಡ ಮಾತ್ರ.

ಮಗು ಸೋಫಾ ಮೇಲೆ ಮಲಗಿದ್ದ ಅಪ್ಪನನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು.

"ಓ, ಗೊತ್ತಾಯ್ತು. ನೀನು ಮತ್ತು ಅಮ್ಮನ ಕಡೆ ಅಜ್ಜಿ ಇದ್ದ ಹಾಗೆ. ಬೇರೆ ಬೇರೆ ಮನೆ, ಒಬ್ಬರು ಹೇಳಿದ್ದು ಒಬ್ಬರಿಗೆ ಆಗಲ್ಲ. ಅಪ್ಪನಿಗೆ ಬಯ್ಯೋವಾಗ ಮಾತ್ರ ಒಂದೇ ಟೀಮ್."

ಬೇಲಿಯಾಚೆಯ ಅಂಪೈರ್

ವಿಂಡಮ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯವರು ಇಲ್ಲಿಯವರೇ, ನನಗಿಂತ ಸ್ವಲ್ಪ ಹಿರಿಯರು. ವಾರದ ಕೊನೆಯಲ್ಲಿ ಕ್ಲಬ್ ಪಂದ್ಯಗಳಿಗೆ ಅಂಪೈರಿಂಗ್ ಮಾಡುತ್ತಾರೆ. ನಿಯಮ ಎಂದರೆ ಪ್ರಾಣ. ಒಮ್ಮೆ ನಮ್ಮ ಕಸದ ಬಿನ್ ಒಂದು ಗೇಣು ಅವರ ಜಾಗಕ್ಕೆ ಹೋಗಿತ್ತು. ಅವರು ಬಾಯಿ ಬಿಡಲಿಲ್ಲ. ಬಿನ್ ಪಕ್ಕ ನಿಂತು ಎರಡೂ ಕೈ ಚಾಚಿ ವೈಡ್ ಕೊಟ್ಟರು.

ಸಿಡ್ನಿಯಿಂದ ವಾಪಸ್ಸು ಬಂದ ಮೇಲೆ ಒಂದು ಸಂಜೆ ಬೇಲಿಯ ಹತ್ತಿರ, ದ್ವೀಪದವರ ತಂಡಕ್ಕೆ ಕೊನೆಗೂ ಕಪ್ಪು ನಾಯಕನೊಬ್ಬ ಪೂರಾ ಪ್ರವಾಸಕ್ಕೆ ಆಯ್ಕೆಯಾಗಿ ಇಲ್ಲಿಗೆ ಬಂದ ವಿಷಯ ತೆಗೆದೆ. ಆ ಸರಣಿ ಅವರು ಸೋತರು. ಆದರೂ ಮೆಲ್ಬರ್ನಿನ ಜನ ಬೀದಿ ತುಂಬ ಸೇರಿ, ಗೆದ್ದವರಿಗೂ ಮಾಡದ ಮೆರವಣಿಗೆ ಮಾಡಿ ಬೀಳ್ಕೊಟ್ಟರು.

"ನಾನಿದ್ದೆ ಅಲ್ಲಿ," ಎಂದರು ಅವರು. "ಅಪ್ಪನ ಹೆಗಲ ಮೇಲೆ ಕೂತಿದ್ದೆ. ಗಂಟಲು ಕಟ್ಟುವ ಹಾಗೆ ಕೂಗಿದೆ."

ನಾನು ಬೇಲಿಗೆ ಇನ್ನಷ್ಟು ಒತ್ತಿ ನಿಂತೆ. ಆಮೇಲೆ ನನ್ನ ಮಾತು ನಿಲ್ಲಲೇ ಇಲ್ಲ. ಎಪ್ಪತ್ತರ ದಶಕದಲ್ಲಿ ಇಲ್ಲಿಯ ವೇಗದ ಬೌಲರುಗಳ ಕೈಲಿ ಪೆಟ್ಟು ತಿಂದು ಹೋದ ದ್ವೀಪದವರು ಊರಿಗೆ ಹೋಗಿ ಅಳುತ್ತಾ ಕೂರದೆ, ನಾಲ್ಕು ನಾಲ್ಕು ವೇಗದ ಬೌಲರುಗಳನ್ನು ತಯಾರು ಮಾಡಿಕೊಂಡು ಬಂದದ್ದು, ಆಮೇಲೆ ಹದಿನೈದು ವರ್ಷ ಯಾರ ಕೈಲೂ ಟೆಸ್ಟ್ ಸರಣಿ ಸೋಲದೆ ಇದ್ದದ್ದು, ಎಲ್ಲ ಹೇಳಿದೆ. ಒಳಗೆ ಬಂದಾಗ ನಮ್ಮವರು ಗಾಬರಿಯಾಗಿ ಕೂತಿದ್ದರು.

"ಏನಂತೆ ಅವನದು, ಇಷ್ಟು ಹೊತ್ತು? ಮತ್ತೆ ಬಿನ್ ವಿಷಯಾನಾ?"

"ಇಲ್ಲ ರೀ, ಅವರ ಕಡೆಯವರು ಹೇಗೆ ಸೋತರು ಅಂತ ಹೇಳಿದೆ."

"ಅಯ್ಯೋ ಪಾಪ. ಯಾವಾಗ?"

"ನಲವತ್ತು ವರ್ಷದ ಹಿಂದೆ."

ನಮ್ಮವರು ನಿಟ್ಟುಸಿರು ಬಿಟ್ಟರು. "ಅಲ್ಲ ಕಣೆ, ಇಷ್ಟು ದಿನ ಮರೆತು ನೆಮ್ಮದಿಯಾಗಿದ್ದನಲ್ಲ!"

ಕೈ ಎತ್ತುವ ಕೆಲಸ

ವಾರ್ಷಿಕೋತ್ಸವದ ದಿನ ಬಂತು. ಬೆಳಿಗ್ಗೆ ಗಂಡಸರ ಕ್ರಿಕೆಟ್, ಸಂಜೆ ಸಭೆ. ಪಂದ್ಯದ ಸ್ಕೋರ್ ಬರೆಯುವ ಕೆಲಸ ನನ್ನದು. ಅದನ್ನು ಮಾತ್ರ ಯಾರೂ ನನ್ನಿಂದ ಕಿತ್ತುಕೊಂಡಿಲ್ಲ, ಏಕೆಂದರೆ ಊಟದವರೆಗೆ ಎದ್ದು ಓಡಾಡದೆ ಕೂರುವುದು ಬೇರೆ ಯಾರಿಗೂ ಆಗುವುದಿಲ್ಲ. ಅಂಪೈರ್ ನಮ್ಮ ಪಕ್ಕದ ಮನೆಯವರು. ಎರಡೂ ತಂಡಕ್ಕೆ ಸಂಬಂಧವಿಲ್ಲದವರು ಬೇಕೆಂದು ನಾನೇ ಕರೆಸಿದ್ದೆ.

ಅಧ್ಯಕ್ಷರು ಬ್ಯಾಟಿಂಗ್ ಮಾಡುತ್ತಿದ್ದರು. ಅಪರೂಪಕ್ಕೆ ಬ್ಯಾಟಿಗೆ ಬಾಲ್ ಸಿಗುತ್ತಿತ್ತು, ನಲವತ್ತಾರು ರನ್ ಆಗಿತ್ತು. ಜನ್ಮದಲ್ಲಿ ಒಮ್ಮೆಯೂ ಫಿಫ್ಟಿ ಹೊಡೆದವರಲ್ಲ. ಅವರ ಹೆಂಡತಿ ಗೆರೆಯಾಚೆ ಫೋನ್ ಹಿಡಿದು ವಿಡಿಯೊ ಮಾಡುತ್ತಿದ್ದಳು.

ಅಷ್ಟರಲ್ಲಿ ಕಾರ್ಯದರ್ಶಿ ಹುಡುಗ ಒಂದು ಪ್ಲೇಟು ಉಪ್ಪಿಟ್ಟು ಹಿಡಿದು ನನ್ನ ಟೆಂಟಿಗೆ ಬಂದ. ಉಪ್ಪಿಟ್ಟು ತಾನಾಗಿ ಬಂತೆಂದರೆ ಏನೋ ಇದೆ ಅಂತಲೇ ಅರ್ಥ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಆ ಐದು ನಿಮಿಷ ಇದೆಯಲ್ಲ, ಅದೂ ಸ್ವಲ್ಪ ಕಷ್ಟ. ಡಿಜೆ ಬೇಗ ಬರ್ತಾನಂತೆ. ಅಧ್ಯಕ್ಷರೇ ತೆಗಿ ಅಂದ್ರು."

"ಹಾಗಾದರೆ ನನ್ನ ಭಾಷಣ?"

"ವಾಟ್ಸ್ಯಾಪ್ ಗ್ರೂಪಿಗೆ ಹಾಕ್ಬಿಡಿ ಆಂಟಿ. ಎಲ್ಲರೂ ಓದ್ತಾರೆ."

ಆ ಗ್ರೂಪಿನಲ್ಲಿ ಎಲ್ಲರೂ ಓದುವುದು ಊಟ ಎಷ್ಟು ಗಂಟೆಗೆ ಎಂಬ ಒಂದನ್ನೇ.

ಅದೇ ಗಳಿಗೆಗೆ ಮೈದಾನದಲ್ಲಿ ಹೋ ಎಂದು ಕೂಗು. ಅಧ್ಯಕ್ಷರು ಬೌಂಡರಿ ಬಾರಿಸಿದ್ದರು. ಫಿಫ್ಟಿ! ಹೆಲ್ಮೆಟ್ ತೆಗೆದು ಆಕಾಶಕ್ಕೆ ಬ್ಯಾಟ್ ಎತ್ತಿದರು. ಅಂಪೈರ್ ನನ್ನ ಕಡೆ ತಿರುಗಿ ಕೈಯನ್ನು ಆ ಕಡೆ ಈ ಕಡೆ ಬೀಸಿದರು.

ಇಲ್ಲಿ ಒಂದು ನಿಯಮ ಹೇಳಬೇಕು. ಅಂಪೈರ್ ಹೀಗೆ ಸನ್ನೆ ಮಾಡಿದಾಗ ಸ್ಕೋರ್ ಬರೆಯುವವರು ಕೈ ಎತ್ತಿ "ನೋಡಿದೆ" ಎಂದು ತಿಳಿಸಬೇಕು. ಕೈ ಎತ್ತುವವರೆಗೆ ಅಂಪೈರ್ ಆಟ ಮುಂದುವರಿಸುವ ಹಾಗಿಲ್ಲ. ನಮ್ಮ ಬಳಗದ ಪಂದ್ಯಗಳಲ್ಲಿ ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಆದರೆ ಆ ದಿನ ನಿಂತಿದ್ದ ಅಂಪೈರ್ ಬೇರೆ.

ನಾಲ್ಕು ರನ್ ಬರೆದೆ. ಬರೆಯುವುದರಲ್ಲಿ ನಾನು ಮೋಸ ಮಾಡುವವಳಲ್ಲ. ಪೆನ್ ಕೆಳಗಿಟ್ಟೆ. ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿ ಕೂತೆ.

ಅಂಪೈರ್ ಕೈ ಬೀಸಿದರು. ಮತ್ತೆ ಬೀಸಿದರು. ಬೌಲರ್ ಓಡಿ ಬರಲು ಹೊರಟ, ಅಂಪೈರ್ ಇನ್ನೊಂದು ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಆಂಟೀ, ಕೈ ಎತ್ತಿ!" ಪಿಚ್ಚಿನಿಂದ ಅಧ್ಯಕ್ಷರು ಕೂಗಿದರು.

"ಎಷ್ಟು ನಿಮಿಷ?" ನಾನೂ ಕೂಗಿದೆ.

"ಒಂದು ಸೆಕೆಂಡ್ ಸಾಕು ಆಂಟಿ, ಸುಮ್ನೆ ಎತ್ತಿ!"

"ಕೈ ವಿಷಯ ಅಲ್ಲಪ್ಪ. ಸಂಜೆ ನನಗೆ ಎಷ್ಟು ನಿಮಿಷ?"

ಕಾರ್ಯದರ್ಶಿ ಹುಡುಗ ಮೆಲ್ಲಗೆ ಜಾರಿಕೊಂಡ.

"ಐದು ನಿಮಿಷ ಇದೆಯಲ್ಲ ಆಂಟಿ!"

"ಈಗ ತಾನೇ ಅದೂ ಇಲ್ಲ ಅಂತ ಉಪ್ಪಿಟ್ಟು ಬಂತು!"

ಅಧ್ಯಕ್ಷರು ಸುತ್ತ ನೋಡಿದರು. "ಹತ್ತು!"

ನಾನು ಶಾಲನ್ನು ಇನ್ನೂ ಬಿಗಿಯಾಗಿ ಹೊದ್ದುಕೊಂಡೆ. ಫೀಲ್ಡರುಗಳು ಹುಲ್ಲಿನ ಮೇಲೆ ಕೂತರು. ಒಬ್ಬ ಮಲಗಿಯೇ ಬಿಟ್ಟ. ಅಂಪೈರ್ ಬಲಗೈ ನೋವು ಬಂತೆಂದು ಎಡಗೈಗೆ ಬದಲಾಯಿಸಿದರು.

"ಹದಿನೈದು! ಆಂಟಿ, ನನ್ನ ಫಿಫ್ಟಿ ಆಂಟಿ!"

"ಆ ದ್ವೀಪದವರು ನಾಯಕತ್ವಕ್ಕೆ ವರ್ಷಗಟ್ಟಲೆ ಕಾದರು. ನೀವು ಸ್ವಲ್ಪ ಹೊತ್ತು ಕಾಯಿರಿ!"

"ಇಪ್ಪತ್ತು!"

"ರೀ!" ಗೆರೆಯಾಚೆಯಿಂದ ಅವರ ಹೆಂಡತಿ ಕಿರುಚಿದಳು. "ಕೊಟ್ಟುಬಿಡ್ರೀ ಆ ನಲವತ್ತು! ಡಿಜೆ ಏನು ನಿಮ್ಮ ಅಪ್ಪನಾ?"

ಅಂಪೈರ್ ಅಧ್ಯಕ್ಷರ ಕಡೆ ಬಾಗಿ ಏನೋ ಹೇಳಿದರು. ಕತ್ತಲಾಗುವವರೆಗೆ ತನಗೇನೂ ಕೆಲಸವಿಲ್ಲ ಎಂದರಂತೆ.

"ಆಯ್ತು ಆಂಟಿ!" ಅಧ್ಯಕ್ಷರ ಸ್ವರ ಒಡೆದಿತ್ತು. "ನಲವತ್ತು! ಪೂರಾ ನಲವತ್ತು! ಕ್ರಿಕೆಟ್ ಬಗ್ಗೇನೇ!"

ನಾನು ಅವರ ಹೆಂಡತಿಯನ್ನು ಕೇಳಿದೆ, "ರೆಕಾರ್ಡ್ ಆಯ್ತೇನಮ್ಮಾ?"

"ಎಲ್ಲಾ ಆಯ್ತು ಆಂಟಿ. ನಿಮ್ಮ ಕಡೇನೇ ಹಿಡಿದಿದ್ದೆ. ಇವರ ಬೌಂಡರಿ ಮಾತ್ರ ಮಿಸ್ ಆಯ್ತು."

ಶಾಲಿನಿಂದ ಕೈ ತೆಗೆದು, ಇಡೀ ವಿಂಡಮ್ ವೇಲ್‌ಗೆ ಕಾಣುವ ಹಾಗೆ ಮೇಲಕ್ಕೆ ಎತ್ತಿದೆ. ಜನ ಚಪ್ಪಾಳೆ ತಟ್ಟಿದರು. ಅದು ತಮ್ಮ ಫಿಫ್ಟಿಗೆ ಎಂದುಕೊಂಡು ಅಧ್ಯಕ್ಷರು ಮತ್ತೆ ಬ್ಯಾಟ್ ಎತ್ತಿದರು.

ಸಂಜೆ ನಾನು ಮಾತಾಡಿದೆ. ನಲವತ್ತು ನಿಮಿಷ, ಒಂದೂ ಕಡಿಮೆಯಿಲ್ಲ. ಡಿಜೆ ಹುಡುಗ ಮೊದಲ ಸಾಲಿನಲ್ಲಿ ಕೂತು ಕೇಳಿದ. ಅದರ ಸಂತೋಷ ಬೇರೆ. ಆದರೆ ಈಗಲೂ ಒಬ್ಬಳೇ ಇದ್ದಾಗ ನೆನೆದು ನಗುವುದು ಆ ಫಿಫ್ಟಿಯ ನಂತರದ ಬಾಲನ್ನು. ಅಧ್ಯಕ್ಷರು ಆ ಹುಮ್ಮಸ್ಸಿನಲ್ಲೇ ಕಣ್ಣು ಮುಚ್ಚಿ ಬೀಸಿದರು. ಬಾಲ್ ಬ್ಯಾಟಿಗೆ ಸಿಗದೆ ಸೀದಾ ಕಾಲಿಗೆ ಬಡಿಯಿತು. ಅಂಪೈರ್ ಬೆರಳೆತ್ತಿದರು.

ಔಟ್ ಕೊಟ್ಟಾಗ ಸ್ಕೋರ್ ಬರೆಯುವವರು ಕೈ ಎತ್ತಬೇಕೆಂಬ ನಿಯಮವಿಲ್ಲ. ಆದರೂ ನಾನು ಎತ್ತಿದೆ. ಎರಡೂ ಕೈ.